ಭಾವನ ಹೊಸ ಶೆಲ್

ಎಲ್ಲದಕ್ಕೂ ಕಾರಣ ಭಾಮೈದನ ಒಂದು ಮಾತು.

"ಏನ್ ಭಾವ, ಇನ್ನೂ ಹಳೇ ಶೆಲ್ಲೇ ಇಟ್ಕೊಂಡಿದೀರಾ? ಎಲ್ರೂ ಹೊಸದಕ್ಕೆ ಹೋಗಿ ಎಷ್ಟು ಕಾಲ ಆಯ್ತು!"

ಭಾವ ಕೊರಿಯರ್ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನು. ಹೆಂಡತಿಯ ತಮ್ಮ ಅದೇ ಕಚೇರಿಯ ಕೌಂಟರಿನಲ್ಲಿ ಕೂತ ತಪ್ಪಿಗೆ, ಮ್ಯಾನೇಜರರಿಂದ ಹಿಡಿದು ವ್ಯಾನ್ ಡ್ರೈವರ್ ತನಕ ಎಲ್ಲರಿಗೂ ಅವನು ಭಾವನೇ. ಅವನ ಕೆಲಸ ಸರಳ. ಬೆಳಿಗ್ಗೆ ಬಂದು, ಕಂಪ್ಯೂಟರಿಗೆ ಅಪ್ಪಣೆ ಕೊಡುವ ನೀಲಿ ಕಿಟಕಿ, ಅಂದರೆ ಶೆಲ್, ತೆರೆದು ತಾನು ಬರೆದಿಟ್ಟ ಅಪ್ಪಣೆಗಳ ಪಟ್ಟಿಯನ್ನು, ಅಂದರೆ ಸ್ಕ್ರಿಪ್ಟನ್ನು, ಓಡಿಸುವುದು. ದಿನದ ಪಾರ್ಸೆಲ್‌ಗಳ ವಿಳಾಸದ ಚೀಟಿಗಳೆಲ್ಲ ಪ್ರಿಂಟರಿನಿಂದ ತಾವಾಗಿ ಉದುರುತ್ತಿದ್ದವು. ಆಮೇಲೆ ಸಂಜೆಯ ತನಕ ಭಾವ ಗಂಭೀರವಾಗಿ ಕೂತಿರುತ್ತಿದ್ದ.

ಅವತ್ತೊಂದು ದಿನವಾದರೂ ಹಾಗೇ ಕೂತಿರಬಹುದಿತ್ತು. ಸಂಜೆಯ ಬಸ್ಸಿಗೆ ಹೆಂಡತಿಯನ್ನು ಕಡಲತೀರಕ್ಕೆ ಕರೆದೊಯ್ಯಬೇಕಿತ್ತು. ಮದುವೆಯಾದಂದಿನಿಂದ ಮುಂದೂಡುತ್ತಾ ಬಂದ ಪ್ರವಾಸ. ರಜೆ ಮಂಜೂರಾಗಿ ಟಿಕೆಟ್ ಜೇಬಿನಲ್ಲಿತ್ತು. "ಈ ಸಲ ತಪ್ಪಿಸಿದ್ರೆ ನಿಮ್ಮನ್ನ ಬಿಟ್ಟೇ ಹೋಗ್ತೀನಿ" ಎಂದು ಅವಳು ತಿಂಡಿ ಬಡಿಸುತ್ತಲೇ ಎಚ್ಚರಿಸಿದ್ದಳು.

ಆದರೆ ಭಾಮೈದನ ಎದುರು ಹಳಬನಾಗಿ ಉಳಿಯಲು ಯಾವ ಭಾವನಿಗೆ ಮನಸ್ಸು ಬಂದೀತು? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ. ಹೊಸ ಶೆಲ್ ಇಳಿಸಿಕೊಂಡು, ಪರದೆಯ ಮೇಲೆ ಬಂದ ಸೂಚನೆಗಳಲ್ಲಿ ಒಂದನ್ನೂ ಓದದೆ 'ಮುಂದೆ, ಮುಂದೆ' ಎಂದು ಒತ್ತಿದ. ಓದುವುದೆಲ್ಲ ಗೊತ್ತಿಲ್ಲದವರ ಕೆಲಸವಷ್ಟೆ.

ಹೊಸ ಕಿಟಕಿ ಕಪ್ಪಗೆ ತೆರೆಯಿತು. ಸ್ಕ್ರಿಪ್ಟ್ ಓಡಿಸಿದರೆ ಪರದೆಯ ತುಂಬ ಕೆಂಪಕ್ಷರ. ಪ್ರಿಂಟರನ್ನು ಹುಡುಕುವ ಹಳೆಯ ಅಪ್ಪಣೆಯನ್ನು ಹೊಸ ಶೆಲ್ ಕೈಬಿಟ್ಟಿತ್ತು. ಭಾವ ಸ್ಕ್ರಿಪ್ಟಿನ ನಕಲು ಮಾಡಿಕೊಂಡು, ಇಂಟರ್ನೆಟ್ಟಿನಲ್ಲಿ ಸಿಕ್ಕ ಮದ್ದನ್ನೆಲ್ಲ ಅದರ ಮೇಲೆ ಪ್ರಯೋಗಿಸಿದ. ಕೆಂಪಕ್ಷರ ಇನ್ನಷ್ಟು ಉದ್ದವಾಯಿತು.

ಸಲಹೆಗಾರರು ಸುತ್ತ ನೆರೆದರು.

"ತಳ್ಳಿದ್ರೆ ಸ್ಟಾರ್ಟ್ ಆಗಲ್ವಾ ಭಾವ?" ಎಂದ ಡ್ರೈವರ್.

"ನಮ್ಮನೆ ಮಿಕ್ಸಿನೂ ಹೀಗೇ ಮಾಡ್ತಿತ್ತು. ಒಂದೇಟು ಕೊಟ್ಟೆ, ಸರಿಹೋಯ್ತು" ಎನ್ನುತ್ತಾ ಲೆಕ್ಕ ಬರೆಯುವ ಅಕ್ಕ ಪ್ರಿಂಟರಿನ ತಲೆಗೆ ಒಂದು ಬಿಟ್ಟೇಬಿಟ್ಟರು. ಅಲ್ಲಿಯ ತನಕ ನೆಟ್ಟಗಿದ್ದ ಅದೊಂದು ಯಂತ್ರವೂ ಕಾಗದ ನುಂಗಿ ಕೂತಿತು.

"ನೀನೇ ಅಲ್ವೇನೋ ಹೇಳಿದ್ದು!" ಎಂದು ಭಾವ ಭಾಮೈದನ ಮೇಲೆ ರೇಗಿದ.

"ಹೊಸದಿದೆ ಅಂದೆ. ಹಾಕ್ಕೊಳ್ಳಿ ಅಂದ್ನಾ?"

ಮಧ್ಯಾಹ್ನದ ಹೊತ್ತಿಗೆ ಪಾರ್ಸೆಲ್ ರಾಶಿ ಬಾಗಿಲನ್ನು ಅರ್ಧ ಮುಚ್ಚಿತ್ತು. ಮ್ಯಾನೇಜರ್ ಅದರ ಸಂದಿಯಿಂದ ನುಸುಳಿ ಬಂದರು. "ಇವು ಹೊರಡದೆ ನೀವು ಹೊರಡೋ ಹಾಗಿಲ್ಲ, ಭಾವ."

ಸಂಜೆ, ಪ್ರಿಂಟರಿನ ಬಾಯಿಂದ ಕಾಗದ ಕಿತ್ತು ಬಂದ ಭಾವನ ಕೈ ಅಭ್ಯಾಸಬಲದಿಂದ ಪರದೆಯ ಮೇಲಿದ್ದ ಹಳೆಯ ಶೆಲ್ಲಿನ ಗುರುತನ್ನು ಒತ್ತಿತು. ನೀಲಿ ಕಿಟಕಿ ತೆರೆದುಕೊಂಡಿತು! ಹೊಸದು ಬಂದರೆ ಹಳೆಯದು ತೊಲಗುತ್ತದೆ ಎಂದುಕೊಂಡಿದ್ದನಲ್ಲ, ಅದು ಬೆಳಗಿನಿಂದ ಅಲ್ಲೇ ತೆಪ್ಪಗಿತ್ತು. ಮೂಲ ಸ್ಕ್ರಿಪ್ಟನ್ನು ಓಡಿಸಿದ. ಚೀಟಿಗಳು ಉದುರತೊಡಗಿದವು. ಯಾರಾದರೂ ನೋಡುವ ಮೊದಲೇ ಕಿಟಕಿಯನ್ನು ಮರೆಮಾಡಿ, ಭಾವ ಚೀಲ ಹೆಗಲಿಗೇರಿಸಿದ.

"ಭೇಷ್!" ಮ್ಯಾನೇಜರ್ ಬೆನ್ನು ತಟ್ಟಿದರು. "ಹೊಸದು ಅಂದ್ರೆ ಹೊಸದೇ. ಹಳೇದು ಇಷ್ಟು ಜೋರಾಗಿ ಓಡ್ತಾನೇ ಇರ್ಲಿಲ್ಲ. ಮೇಲಿನವರಿಗೆ ಹೇಳ್ಬಿಟ್ಟೆ. ನಾಳೆಯಿಂದ ನಮ್ಮ ಎಲ್ಲಾ ಶಾಖೆಗೂ ನೀವೇ ಹೋಗಿ ಇದನ್ನ ಹಾಕ್ಬೇಕು."

"ಸಾರ್, ನನ್ನ ರಜೆ..."

"ರಜೆ ಎಲ್ಲಿಗೆ ಓಡಿಹೋಗತ್ತೆ?"

ನಿಜ ಹೇಳಿದರೆ ಇಡೀ ದಿನದ ರಾದ್ಧಾಂತ ತನ್ನ ತಲೆಗೆ, ಹೇಳದಿದ್ದರೆ ಊರೂರು ಅಲೆದಾಟ. ಬಾಯಲ್ಲಿಟ್ಟ ಬಿಸಿತುಪ್ಪ. ಭಾವ ನುಂಗಿದ.

"ಟಿಕೆಟ್ ಹಾಳಾಗತ್ತಲ್ಲ ಸಾರ್, ಪಾಪ" ಎಂದ ಭಾಮೈದ. ಅವನಿಗೆ ನಿಂತ ನಿಲುವಿನಲ್ಲೇ ರಜೆ ಸಿಕ್ಕಿತು, ಭಾವನ ಜೇಬಿನ ಟಿಕೆಟ್ ಅವನ ಜೇಬು ಸೇರಿತು.

ಭಾವ ಖಾಲಿ ಮನೆಯ ಬೀಗ ತೆಗೆಯುವಾಗ ಫೋನ್ ಬಂತು. "ರೀ, ಬಸ್ ಹೊರಡ್ತು. ಹಾಲು ಫ್ರಿಜ್ಜಲ್ಲಿದೆ. ತಗೊಳ್ಳಿ, ನಿಮ್ಮ ಭಾಮೈದ ಏನೋ ಹೇಳ್ಬೇಕಂತೆ."

"ಭಾವ, ಆ ನೀಲಿ ಕಿಟಕಿ ಎಲ್ಲೂ ಹೋಗಿರಲ್ಲ, ಅಲ್ಲೇ ಇರತ್ತೆ. ನಾನಂತೂ ಇವತ್ತಿಗೂ ಅದನ್ನೇ ಬಳಸೋದು. ಬೆಳಿಗ್ಗೇನೇ ಹೇಳೋಣ ಅಂತಿದ್ದೆ, ನೀವು ತುಂಬಾ ಬಿಜಿಯಾಗಿದ್ರಿ."