ಆಗ್ರಾ ರೋಡಿನಲ್ಲಿ ನನ್ನ ಸಾಂಬಾರು ಬಂಡಿ

ಧೈರ್ಯವಿದ್ದರೆ ನನ್ನ ಮಾತನ್ನು ನಂಬದೇ ಇದ್ದು ತೋರಿಸಿ. ಸಾಯನ್‌ನಿಂದ ವಿಕ್ರೋಳಿಯವರೆಗೆ ಮುಂಬಯಿಯ ಆಗ್ರಾ ರೋಡಿನಲ್ಲಿ ಓಡಾಡುವ ಯಾವ ಲಾರಿಯವನನ್ನಾದರೂ ನಿಲ್ಲಿಸಿ, "ಸಾಂಬಾರು ಬಂಡಿಯ ಪೈಲ್ವಾನ ಗೊತ್ತೇನು?" ಎಂದು ಕೇಳಿ ನೋಡಿ. ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಆಮೇಲೆ ನಾನು ಹೇಳುವುದಕ್ಕಿಂತ ಎರಡು ಮಾತು ಹೆಚ್ಚೇ ಹೇಳುತ್ತಾನೆ. ಬೇರೆಯವರಿಗೆ ವರ್ಷಕ್ಕೊಂದು ಆಗುವಂಥದ್ದು ನನಗೆ ಸೋಮವಾರ ಒಂದು, ಗುರುವಾರ ಒಂದು ಆಗುತ್ತಲೇ ಇರುತ್ತದೆ. ದೊಡ್ಡವರ ಹಣೆಬರಹವೇ ಹಾಗೆ.

ನಾನು ವಿಜಾಪುರದ ಕಡೆಯ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಎತ್ತಿನ ಬಂಡಿ ಹೊಡೆದವನು. ನನ್ನ ಬಂಡಿಯನ್ನು ಹಿಂದೆ ಹಾಕಿದ ಬಂಡಿ ಸುತ್ತಲಿನ ಏಳು ಹಳ್ಳಿಗಳಲ್ಲಿ ಇರಲಿಲ್ಲ. ಇಂಥವನು ಮುಂಬಯಿಗೆ ಬಂದು ಸಾಯನ್‌ನ ಒಂದು ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಕುಳಿತಿದ್ದೆ. ಆ ಹೋಟೆಲಿನಿಂದ ದಿನಾ ವಿಕ್ರೋಳಿಯ ಆಚೆ ಒಂದು ಕಾರ್ಖಾನೆಗೆ ಮಧ್ಯಾಹ್ನದ ಊಟ ಹೋಗುತ್ತಿತ್ತು. ಮಿಲಿಟರಿಯವರು ಲಿಲಾವಿನಲ್ಲಿ ಮಾರಿದ ಹಳೆಯ ಜೀಪು, ಅದರ ಬೆನ್ನಿಗೆ ಕೊಂಡಿ ಹಾಕಿದ ಎರಡು ಗಾಲಿಯ ಟ್ರೇಲರು, ಟ್ರೇಲರಿನಲ್ಲಿ ಅನ್ನದ ಹಂಡೆಗಳು ಮತ್ತು ಅಗಲ ಬಾಯಿಯ ಎರಡು ಸಾಂಬಾರಿನ ಕೊಳಗ. ಡ್ರೈವರು ಬಿಡುವಿದ್ದಾಗ ನನಗೆ ಬರೀ ಜೀಪು ಓಡಿಸಲು ಕಲಿಸಿದ್ದ; ಲೈಸನ್ಸೂ ಸಿಕ್ಕಿತ್ತು. ಅವನು ಕೆಲಸ ಬಿಟ್ಟು ಹೋದ ದಿನವೇ ನಾನು ಮಾಲಕರ ಮುಂದೆ ಹೋಗಿ ಎದೆ ತಟ್ಟಿಕೊಂಡು ನಿಂತೆ.

"ಟ್ರೇಲರು ಎಳೆದು ಗೊತ್ತುಂಟಾ ನಿನಗೆ?" ಎಂದರು ಮಾಲಕರು.

"ಮಾಲಕ್ರ, ಹುಟ್ಟಿದಾಗಿಂದ ನಾ ಬಂಡೀನ ಎಳಸೀನಿ!"

"ಮೂರು ತಿಂಗಳು ನೋಡುವ. ಸರಿ ಕಂಡರೆ ಪರ್ಮನೆಂಟ್. ಇಲ್ಲದಿದ್ದರೆ ಪುನಃ ತಟ್ಟೆ ತೊಳೆಯಲಿಕ್ಕೆ ಕೂತುಕೊಳ್ಳುವುದು."

ಅವರು ಹೇಳಿದ್ದು ಮೂರು ತಿಂಗಳು ಎಂದು. ನಾನು ಅದೇ ದಿನ ಊರಿಗೆ ಕಾಗದ ಬರೆದದ್ದು 'ಪರ್ಮನೆಂಟ್ ಡ್ರೈವರ್' ಎಂದು. ಅಪ್ಪ ಅದನ್ನು ಮಾಸ್ತರರಿಂದ ಚಾವಡಿಯಲ್ಲಿ ಎಲ್ಲರಿಗೂ ಓದಿಸಿದನಂತೆ, ಎರಡೆರಡು ಸಲ. ಇನ್ನು ನಾನು ತಟ್ಟೆಗೆ ಮರಳುವ ಹಾಗೇ ಇರಲಿಲ್ಲ.

ಎತ್ತಿನ ಜಾಗ

ಎರಡನೆಯ ದಿನವೇ ಕುರ್ಲಾ ದಾಟಿದ ಮೇಲೆ ಮುಂದೊಂದು ಭಾರೀ ಲಾರಿ ಸಿಕ್ಕಿತು. ಕಬ್ಬಿಣದ ತೊಲೆ ಹೇರಿಕೊಂಡು ಬಸುರಿಯ ಹಾಗೆ ಹೋಗುತ್ತಿತ್ತು. ಏಳು ಹಳ್ಳಿಯ ಹುಲಿ ನಾನು ಅದರ ಹಿಂದೆ ಹೋಗುವುದೇ? ಎಕ್ಸಿಲೇಟರು ಒತ್ತಿ ಬಲಗಡೆಯಿಂದ ಮುಂದೆ ಹೋದೆ. ಜೀಪು ಲಾರಿಯ ಮೂತಿ ದಾಟಿತು. ಗೆದ್ದೆ ಎಂದು ಎಡಕ್ಕೆ ಎಳೆದೆ. ಹಿಂದಿನಿಂದ ಬ್ರೇಕಿನ ಕಿರುಚಾಟ, ಹಾರ್ನು, ಅದರ ಮೇಲೆ ಪಂಜಾಬಿ ಬೈಗುಳ. ಎಲ್ಲ ನನ್ನ ಸತ್ಕಾರಕ್ಕೇ ಎಂದುಕೊಂಡು ಹಿಂದೆ ನೋಡದೆ ಮುಂದುವರಿದೆ. ನೋಡುವುದಾದರೂ ಹೇಗೆ? ಆ ಜೀಪಿಗೆ ಕನ್ನಡಿಯೇ ಇರಲಿಲ್ಲ. ಕನ್ನಡಿ ತಲೆ ಬಾಚಿಕೊಳ್ಳುವವರಿಗೆ, ಗಾಡಿ ಹೊಡೆಯುವ ಗಂಡಸಿಗೆ ಯಾಕೆ ಎಂಬುದು ಆಗ ನನ್ನ ಸಿದ್ಧಾಂತ.

ಘಾಟ್ಕೋಪರಿನಲ್ಲಿ ಲಾರಿಗಳು ನಿಲ್ಲುವ ಚಹದಂಗಡಿಯ ಹತ್ತಿರ ಆ ಲಾರಿ ನನ್ನನ್ನು ಅಡ್ಡಗಟ್ಟಿತು. ಬಾಗಿಲಿನಷ್ಟು ಅಗಲದ ಸರದಾರ ಕೆಳಗಿಳಿದ. ಹೊಡೆಯುತ್ತಾನೆಂದು ನಾನು ತೋಳು ಮಡಚಿದೆ. ಅವನು ಟ್ರೇಲರನ್ನು ತೋರಿಸಿ ಬಹಳ ಮೆತ್ತಗೆ, "ಪೈಲ್ವಾನ್, ಇದು ಯಾರದು?" ಎಂದ.

"ನಂದ."

"ಹಾಗಾದರೆ ಇದೂ ಬರುತ್ತದೆ ಎಂದು ನೆನಪಿಡು. ನೀನು ನನ್ನನ್ನು ದಾಟಿದೆ, ಇದು ಇನ್ನೂ ನನ್ನ ಪಕ್ಕದಲ್ಲೇ ಇತ್ತು. ಬ್ರೇಕು ಹಾಕದಿದ್ದರೆ ಇವತ್ತು ರಸ್ತೆಗೆಲ್ಲ ನಿನ್ನ ಸಾಂಬಾರು."

"ನನಗ ಹೇಳಬ್ಯಾಡ. ಹದಿನೈದು ವರ್ಷ ಬಂಡಿ ಹೊಡದೀನಿ."

"ಬಂಡಿ ಹೊಡೆಯುವಾಗ ಎಲ್ಲಿ ಕೂತಿರುತ್ತಿದ್ದೆ?"

"ಬಂಡಿಯೊಳಗ."

"ಎತ್ತು?"

"ಮುಂದ."

ಸರದಾರ ನನ್ನ ಹೆಗಲ ಮೇಲೆ ಕೈಯಿಟ್ಟ. "ಈಗ ಬಂಡಿ ಹಿಂದಿದೆ. ಎತ್ತಿನ ಜಾಗದಲ್ಲಿ ಕೂತವನು ನೀನು. ಹುಷಾರು, ಮಗನೇ. ಎತ್ತಿಗಾದರೂ ಹಿಂದಿನಿಂದ ಹೇಳುವವನೊಬ್ಬ ಇರುತ್ತಾನೆ."

ಭಟ್ಟರ ಕೈ

ಹೇಳುವವನು ನನಗೂ ಒಬ್ಬನಿದ್ದ: ಅಡಿಗೆಯ ಭಟ್ಟರು, ಉಡುಪಿಯವರು, ಬಡಿಸಲು ದಿನಾ ಜೊತೆಗೆ ಬರುತ್ತಿದ್ದರು. ಅದು ಅಮೆರಿಕದ ಜೀಪಾದ್ದರಿಂದ ಸ್ಟೇರಿಂಗು ಎಡಕ್ಕೆ. ನಾನು ಕೈ ಹೊರಗೆ ಚಾಚಿದರೆ ಫುಟ್‌ಪಾತಿನ ನಾಯಿಗೆ ಕಾಣುತ್ತಿತ್ತು, ಲಾರಿಯವರಿಗಲ್ಲ. ಹೀಗಾಗಿ ಬಲಗಡೆ ಕೂತ ಭಟ್ಟರೇ ನನ್ನ ಕೈ. "ಭಟ್ರ, ಬಲಕ್ಕ!" ಎಂದರೆ ಕೈ ನೀಟಾಗಿ ಚಾಚುವರು. "ಭಟ್ರ, ಮುಂದ ಹೋಗಂತ ಅನ್ರಿ!" ಎಂದರೆ ಹಿಂದಿನವರಿಗೆ ಕೈ ಬೀಸುವರು.

ಒಂದು ದಿನ ಕುರ್ಲಾದ ಹತ್ತಿರ ನಾನು ಬಾಯಿ ಬಿಡುವ ಮೊದಲೇ ಭಟ್ಟರು ಅರ್ಧ ಮೈ ಹೊರಗೆ ಹಾಕಿ ಜೋರಾಗಿ ಕೈ ಬೀಸತೊಡಗಿದರು. ಹಿಂದಿದ್ದ ಲಾರಿ, ಕರೆದರಲ್ಲ ಎಂದು ಭರ್ರನೆ ಪಕ್ಕಕ್ಕೆ ಬಂತು. ಅದರ ಗಾಳಿಗೆ ಟ್ರೇಲರು ಬಾಲ ಅಲ್ಲಾಡಿಸಿತು, ಕೊಳಗದ ಮುಚ್ಚಳ ತಾಳ ಹಾಕಿತು. ಇನ್ನೊಂದು ಲಾರಿ. ಮತ್ತೊಂದು. ಬ್ರೇಕಿನ ಮೇಲೆ ಕಾಲು ಹೋಯಿತು. ಸರದಾರ ಆಮೇಲೊಂದು ದಿನ ಚಹದಂಗಡಿಯಲ್ಲಿ ಹೇಳಿದ್ದು ಅಷ್ಟರಲ್ಲಿ ನೆನಪಾಯಿತು: ದೊಡ್ಡ ಲಾರಿ ಪಕ್ಕದಿಂದ ಹೋಗುವಾಗ ಬ್ರೇಕು ಮುಟ್ಟಬೇಡ, ಸ್ಟೇರಿಂಗು ತಿರುವಬೇಡ, ಎಕ್ಸಿಲೇಟರಿನಿಂದ ಕಾಲು ತೆಗೆದು ಸುಮ್ಮನೆ ನೆಟ್ಟಗೆ ಹೋಗು. ಹಾಗೇ ಹೋದೆ. ಐದು ಲಾರಿಗಳು ದಾಟುವವರೆಗೂ ಭಟ್ಟರ ಕೈ ನಿಲ್ಲಲಿಲ್ಲ.

"ಯಾರಿಗ್ರೀ ಕೈ ಮಾಡಿದ್ರಿ, ಭಟ್ರ?"

"ಆಚೆ ಬದಿಯ ಫುಟ್‌ಪಾತಿನಲ್ಲಿ ನಮ್ಮ ಸೋದರತ್ತೆಯ ಮಗ ಮಾರಾಯಾ! ಹನ್ನೊಂದು ವರ್ಷದ ಮೇಲೆ ಕಂಡದ್ದು!"

"ಅವರು ನಿಮ್ಮನ್ನ ನೋಡಿದ್ರ?"

"ಇಲ್ಲ, ತಿರುಗಿ ಸಹ ನೋಡಲಿಲ್ಲ," ಎಂದು ಭಟ್ಟರು ನಿಟ್ಟುಸಿರು ಬಿಟ್ಟರು. "ಆದರೆ ಆ ಐದು ಲಾರಿಯವರು ಎಷ್ಟು ಒಳ್ಳೆಯವರು ನೋಡು. ಒಬ್ಬೊಬ್ಬರೂ ತಿರುಗಿ ಕೈ ಬೀಸಿದರು!"

ಕೆಂಪು ರುಮಾಲು

ಇನ್ನೊಂದು ಸಲ ಸರದಾರ ಹೇಳಿದ: "ನಿನ್ನ ಟ್ರೇಲರು ಕುಳ್ಳ. ನನ್ನ ಸೀಟಿನಿಂದ ನೋಡಿದರೆ ಜೀಪು ಕಾಣುತ್ತದೆ, ಅದು ಕಾಣುವುದಿಲ್ಲ. ಹಿಂದೆ ಏನಾದರೂ ಕೆಂಪಗೆ ಕಟ್ಟು, ದೂರ ನಿಲ್ಲುತ್ತೇವೆ."

ನಾನು ಯಾವುದನ್ನೂ ಅರ್ಧಕ್ಕೆ ಮಾಡುವವನಲ್ಲ. ಊರಿನಿಂದ ತಂದಿದ್ದ ನನ್ನ ಕೆಂಪು ರುಮಾಲನ್ನು ಎರಡಾಳೆತ್ತರದ ಬಿದಿರಿಗೆ ಕಟ್ಟಿ ಟ್ರೇಲರಿನ ಹಿಂದೆ ನಿಲ್ಲಿಸಿದೆ. ಹೇಳುವುದೇ ಬೇಡ, ಲಾರಿಗಳೆಲ್ಲ ಮರ್ಯಾದೆಯಿಂದ ಹತ್ತು ಮಾರು ಹಿಂದುಳಿದವು.

ವಿಕ್ರೋಳಿ ಬಂತು. ಪಾಳಿ ಬದಲಾಗುವ ಹೊತ್ತು, ರಸ್ತೆ ತುಂಬ ಕೆಲಸಗಾರರು. ನಾನು ನಿಧಾನ ಮಾಡಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ "ಝಿಂದಾಬಾದ್!" ಎಂದು ಕೇಳಿಸಿತು. ನನ್ನ ಡ್ರೈವಿಂಗು ಇಷ್ಟು ಬೇಗ ಹೆಸರಾಯಿತಲ್ಲ ಎಂದು ಎದೆಯುಬ್ಬಿತು. ಒಂದು ಕೈ ಮೇಲೆತ್ತಿ ನಮಸ್ಕಾರದ ಹಾಗೆ ಆಡಿಸಿದೆ. ಝಿಂದಾಬಾದ್ ಇಮ್ಮಡಿಯಾಯಿತು.

ಭಟ್ಟರು ಹಿಂದೆ ಹಣಕಿ ನೋಡಿ ಬಿಳುಚಿಕೊಂಡರು. "ಅಯ್ಯೋ ದೇವರೇ! ಮೋರ್ಚಾ ಮಾರಾಯಾ! ನಮ್ಮ ಹಿಂದೆಯೇ ಬರ್ತಾ ಉಂಟು!"

ಕೆಂಪು ಬಾವುಟದ ಹಿಂದೆ ನಡೆದು ರೂಢಿಯಾದ ಜನ, ಯಾರದು ಎಂತಹದು ಎಂದು ಕೇಳದೆ ಸಾಲುಗಟ್ಟಿದ್ದರು. ಕಾರ್ಖಾನೆಯ ಕಾವಲುಗಾರ ದೂರದಿಂದಲೇ ನೋಡಿ ಗೇಟು ಹಾಕಿಕೊಂಡ. ಒಳಗಿನಿಂದ ಸಾಹೇಬರೊಬ್ಬರು ಓಡಿ ಬಂದು ಸರಳುಗಳ ಸಂದಿಯಿಂದ ನನ್ನನ್ನು ಬಹಳ ಗೌರವದಿಂದ ಕೇಳಿದರು: "ನಿಮ್ಮ ಬೇಡಿಕೆ ಏನು?"

"ಗೇಟ್ ಖೋಲೋ ಸಾಬ್! ಸಾಂಬಾರ್ ಠಂಡಾ ಹೋ ರಹಾ ಹೈ!" ಎಂದೆ. ಸಾಂಬಾರು ಆರಿ ತಣ್ಣಗಾಗುತ್ತಿತ್ತಲ್ಲ!

ಕೂಡಲೇ ಹಿಂದಿನ ಇನ್ನೂರು ಜನ ಮುಷ್ಟಿ ಎತ್ತಿ ಕೂಗಿದರು: "ಗೇಟ್ ಖೋಲೋ! ಸಾಂಬಾರ್ ಠಂಡಾ ಹೋ ರಹಾ ಹೈ!"

ಮೋರಿಯ ಮೇಲೆ

ಮೂರು ತಿಂಗಳು ಮುಗಿದವು. "ನಾಳೆ ನಾನೇ ಬರ್ತೇನೆ. ನೋಡಿಯೇ ಹೇಳುವುದು," ಎಂದರು ಮಾಲಕರು. ಆದರೆ ನನ್ನದೊಂದು ಗುಟ್ಟಿತ್ತು. ಭಟ್ಟರಿಗೆ ಮಾತ್ರ ಗೊತ್ತಿತ್ತು. ಮೂರು ತಿಂಗಳಲ್ಲಿ ನಾನು ಒಂದೇ ಒಂದು ಸಲವೂ ಟ್ರೇಲರನ್ನು ರಿವರ್ಸ್ ತೆಗೆದುಕೊಂಡಿರಲಿಲ್ಲ. ಎತ್ತಿನ ಬಂಡಿಗೆ ರಿವರ್ಸ್ ಎಂಬುದೇ ಇಲ್ಲವಲ್ಲ! ಕಾರ್ಖಾನೆಯ ಅಂಗಳದಲ್ಲಿ ದಿನಾ ಎತ್ತು ಬಿಚ್ಚಿದ ಹಾಗೆ ಜೀಪು ಬಿಚ್ಚಿ, ಭಟ್ಟರೂ ನಾನೂ ಖಾಲಿ ಟ್ರೇಲರನ್ನು ಕೈಯಿಂದಲೇ ತಿರುಗಿಸಿ ಮತ್ತೆ ಕೊಂಡಿ ಹಾಕುತ್ತಿದ್ದೆವು.

ಮರುದಿನ ಮಾಲಕರು ಬಿಳೀ ಪಂಚೆ, ಬಿಳೀ ಶರಟಿನಲ್ಲಿ ನನ್ನ ಬಲಕ್ಕೆ ಕುಳಿತರು. ಭಟ್ಟರು ಹಿಂದೆ. "ಮಾಲಕ್ರ, ಕೈ!" ಎಂದಾಗಲೆಲ್ಲ ಉಂಗುರದ ಕೈ ಹೊರಗೆ ಹೋಗುತ್ತಿತ್ತು. ಘಾಟ್ಕೋಪರಿನವರೆಗೆ ನನ್ನಷ್ಟು ಚಂದ ಯಾರೂ ಓಡಿಸಿಲ್ಲ. "ಅಡ್ಡಿಲ್ಲ ನೀನು," ಎಂದೂ ಅಂದರು.

ವಿಕ್ರೋಳಿಯ ಈಚೆ ರಸ್ತೆ ರಿಪೇರಿಯಿತ್ತು. ಒಂದೇ ಗಾಡಿ ಹಿಡಿಯುವ ಒಂದು ಮೋರಿಯ ಮೇಲಿಂದ ಎಲ್ಲರೂ ಹೋಗಬೇಕು. ನಾನು ಮೋರಿಯ ನಡುವೆ ಬಂದಾಗ ಎದುರಿನಿಂದ ಮನೆಯಷ್ಟು ದೊಡ್ಡ ಬಾಯ್ಲರು ಹೊತ್ತ ಲಾರಿ ಮೋರಿ ಏರಿತು. ಓಡಿಸುತ್ತಿದ್ದವನು ಅದೇ ಸರದಾರ. ಅವನ ಹಿಂದೆ ಏಳೆಂಟು ಲಾರಿಗಳು. ಅವನು ಹಿಂದೆ ಸರಿಯುವ ಮಾತೇ ಇಲ್ಲ.

"ಹಿಂದೆ ತೆಗಿ," ಎಂದರು ಮಾಲಕರು.

ಹಿಂದೆ ನೋಡಿದೆ. ಭಟ್ಟರು ಆಕಾಶ ನೋಡುತ್ತಿದ್ದರು.

ಸ್ಟೇರಿಂಗು ಎಡಕ್ಕೆ ತಿರುಗಿಸಿ ರಿವರ್ಸ್ ಹಾಕಿದೆ. ಟ್ರೇಲರು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ, ಹಟಮಾರಿ ಎಡಕ್ಕೆ ಹೋಗಿ ಒಂದು ಗಾಲಿ ಮೋರಿಯ ಅಂಚಿಗೆ ಬಂತು. ಕೊಳಗ ವಾಲಿತು. ಕೆಳಗೆ ಕರೀ ನೀರಿನ ನಾಲೆ. ಮಾಲಕರು ಗಟ್ಟಿಯಾಗಿ ದೇವರ ಹೆಸರು ಹೇಳತೊಡಗಿದರು. ಏಳೆಂಟು ಲಾರಿಯವರೂ ಕೆಳಗಿಳಿದು ಬಂದು ಬೀಡಿ ಹಚ್ಚಿ ನನ್ನನ್ನೇ ನೋಡುತ್ತ ನಿಂತರು. ಇನ್ನೊಂದು ಗೇಣು ಹಿಂದೆ ಹೋದರೆ ಮುನ್ನೂರು ಜನರ ಊಟ ನೀರುಪಾಲು, ನಾನು ತಟ್ಟೆಯ ಪಾಲು.

ಗಾಡಿ ಬಂದ್ ಮಾಡಿದೆ. ಹುಟ್ಟಿದಾಗಿನಿಂದ ಯಾರೆದುರಿಗೂ ಆಡದ ಮಾತನ್ನು ಅಲ್ಲಿ ಆಡಿದೆ.

"ಮಾಲಕ್ರ, ನನಗ ಬರೂದಿಲ್ಲ."

"ಎಂತ ಬರುವುದಿಲ್ಲ?"

"ರಿವರ್ಸ್. ಇಷ್ಟು ದಿನ ಬಿಚ್ಚೇ ತಿರುಗಿಸೀವಿ. ಭಟ್ರನ್ನ ಕೇಳ್ರಿ."

ಮಾಲಕರು ತಿರುಗಿದರು. ಭಟ್ಟರು ಈಗ ಎರಡೂ ಕಣ್ಣು ಮುಚ್ಚಿಕೊಂಡಿದ್ದರು.

ನಾನು ಕೆಳಗಿಳಿದೆ. ಒಂದು ಸಲ ಬರುವುದಿಲ್ಲ ಎಂದ ಮೇಲೆ ಗಂಡಸಿಗೆ ಏನು ಭಯ? ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು ಲಾರಿಯವರಿಗೆ ಹರಕು ಹಿಂದಿಯಲ್ಲಿ ಕೂಗಿ ಹೇಳಿದೆ: "ಕೇಳಿ! ನಮ್ಮೂರಲ್ಲಿ ಇಕ್ಕಟ್ಟಿನ ದಾರಿಯಲ್ಲಿ ಎರಡು ಬಂಡಿ ಎದುರಾದರೆ, ಹಗುರ ಬಂಡಿಯವನು ಎತ್ತು ಬಿಚ್ಚಿ ಹಿಂದೆ ಸರಿಯಬೇಕು. ಆದರೆ ತಳ್ಳಬೇಕಾದವನು ಭಾರದ ಬಂಡಿಯವನು! ನಾನು ಬಿಚ್ಚುತ್ತೇನೆ. ನೀವು ತಳ್ಳಿ!"

ಸರದಾರ ಬೀಡಿ ಎಸೆದು ಹೊಟ್ಟೆ ಅಲುಗಾಡುವಂತೆ ನಕ್ಕ. "ಚಲೋ, ಪೈಲ್ವಾನಿನ ಊರಿನ ಕಾನೂನು!"

ಕೊಂಡಿ ಕಳಚಿದೆ. ಎಂಟು ಜನ ಲಾರಿಯವರು ಟ್ರೇಲರಿಗೆ ಕೈ ಹಚ್ಚಿದರು. ಕೊಂಡಿಯ ಕಡೆಯ ಮೂಕಿ ಹಿಡಿದವನು ನಾನು. ವಾಲಿದ ಕೊಳಗದ ಮುಚ್ಚಳವನ್ನು ಅಪ್ಪಿಕೊಂಡು, ಬಿಳೀ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ಪಕ್ಕದಲ್ಲಿ ಓಡುತ್ತಿದ್ದವರು ನಮ್ಮ ಮಾಲಕರು. "ನಿಧಾನ! ಬೇಳೆ ತಳ ಹಿಡೀತದೆ! ಅಲ್ಲ, ಚೆಲ್ತದೆ!" ಎಂದು ಅವರಿಗೂ ಮಾತು ತಪ್ಪುತ್ತಿತ್ತು. ಭಟ್ಟರು ಓಡಿಹೋಗಿ ನಮ್ಮ ಹಿಂದೆ ನಿಂತಿದ್ದ ಗಾಡಿಗಳಿಗೆ ಸರಿಯಿರೆಂದು ಸೌಟು ಬೀಸುತ್ತಿದ್ದರು. ಒಂದು ಹನಿ ಚೆಲ್ಲಲಿಲ್ಲ. ಬರೀ ಜೀಪನ್ನು ನಾನು ಗೀಟು ಹಾಕಿದ ಹಾಗೆ ನೆಟ್ಟಗೆ ಹಿಂದೆ ತಂದೆ. ಅದು ನನಗೆ ಯಾವಾಗಲೂ ಬರುತ್ತಿತ್ತು. ಲಾರಿಗಳು ಒಂದೊಂದಾಗಿ ದಾಟಿದವು, ಒಬ್ಬೊಬ್ಬನೂ ಮಾಲಕರಿಗೆ ಸಲಾಮು ಹೊಡೆದ.

ಹೋಗುವ ಮೊದಲು ಸರದಾರ ಮಾಲಕರಿಗೆ ಹೇಳಿದ: "ಸೇಠಜೀ, ಬರುವುದಿಲ್ಲ ಎಂದು ನಿಲ್ಲಿಸುವ ಡ್ರೈವರು ಈ ರಸ್ತೆಯಲ್ಲಿ ಇವನೊಬ್ಬನೇ. ಉಳಿದವರು ನಾಲೆಯೊಳಗೆ ಹೋಗಿ ಹೇಳುತ್ತಾರೆ. ರಿವರ್ಸ್ ನಾನು ಕಲಿಸುತ್ತೇನೆ. ಆದರೆ ಇವನಿಗೆ ಹಿಂದೆ ಕಣ್ಣಿಲ್ಲ, ಮೊದಲು ಅದನ್ನು ಕೊಡಿಸಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಮಾಲಕರು ಪಂಚೆಯ ಮೇಲಿನ ಗ್ರೀಸು ಉಜ್ಜಿಕೊಳ್ಳುತ್ತಿದ್ದರು. ನಾನು ಮನಸ್ಸಿನಲ್ಲೇ ತಟ್ಟೆ ಎಣಿಸುತ್ತಿದ್ದೆ.

ಆ ರವಿವಾರ ಸಾಯನ್‌ನ ಬಯಲಿನಲ್ಲಿ ಸರದಾರ ಕಲಿಸಿದ: ಕೈಯನ್ನು ಸ್ಟೇರಿಂಗಿನ ತಳಕ್ಕೆ ಇಡು, ಟ್ರೇಲರು ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಿಸು. ಅರ್ಧ ಗಂಟೆಯಲ್ಲಿ ಕಲಿತೆ. ಬೇರೆಯವರಿಗೆ ತಿಂಗಳು ಹಿಡಿಯುತ್ತದಂತೆ.

ಸೋಮವಾರ ಬೆಳಿಗ್ಗೆ ಮಾಲಕರು ಕರೆದರು. ಕೊನೆಗೆ ನನಗೆ ಸಿಕ್ಕಿದ್ದು ಇಷ್ಟು: ಪರ್ಮನೆಂಟ್ ಕೆಲಸ, ಒಂದು ಖಾಕಿ ಅಂಗಿ, ಮತ್ತು ಜೀಪಿಗೆ ಕಟ್ಟಲು ಹೋಟೆಲಿನ ಕೈ ತೊಳೆಯುವ ಜಾಗದ ಕನ್ನಡಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದ 'ಇಲ್ಲಿ ತಲೆ ಬಾಚಬಾರದು' ಸಹಿತ.