ಹಸಿವು ಓಡಿಸಲು ಬಂದ ಕಂಪನಿಯವರು

ಒಳ್ಳೆಯ ಕೆಲಸ ಮಾಡುವವರ ಹೊಟ್ಟೆ ಉರಿಸಲು ಕೆಟ್ಟವರೇ ಬರಬೇಕೆಂದಿಲ್ಲ, ಒಳ್ಳೆಯ ಕೆಲಸ ಮಾಡಲು ಬಂದ ಇನ್ನೊಂದಷ್ಟು ಜನ ಸಾಕು. ನನಗಂತೂ ಇಂಥ ಪ್ರಸಂಗಗಳಿಗೆ ಬರವಿಲ್ಲ. ಜಯನಗರ, ಬನಶಂಕರಿಯ ಛತ್ರಗಳಲ್ಲಿ ಮದುವೆ ಊಟ ಮಿಕ್ಕರೆ ನಾವು ನಾಲ್ಕು ಜನ ಹೆಂಗಸರು ಅದನ್ನು ಉತ್ತರಹಳ್ಳಿ ಆಚೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಮುಟ್ಟಿಸುತ್ತೇವೆ. ಸಾಗಿಸುವ ವ್ಯಾನು ಒಂದು ಕಂಪನಿಯದು. ವ್ಯಾನಿದ್ದರೆ ಊಟ ಶೆಡ್ಡಿಗೆ, ಇಲ್ಲದಿದ್ದರೆ ಮೋರಿಗೆ. ಹಾಗಾಗಿ ಕಂಪನಿಯವರು ಏನೇ ಮಾಡಿದರೂ ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ.

ಹುಳಿ

ಒಂದು ಶನಿವಾರ ಕಂಪನಿಯ ಸ್ವಯಂಸೇವಕರು ಬಂದರು, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ಸುಡು ಬೇಸಿಗೆ. ಅನ್ನ, ಹುಳಿ, ಪಲ್ಯ ಎಲ್ಲ ವ್ಯಾನಿಗೇರಿ ಆಗಿದೆ. ಹೊರಡೋಣ ಅಂದರೆ ಅವರ ಟೀಮ್ ಲೀಡರ್ ಒಪ್ಪಲಿಲ್ಲ. ಬ್ಯಾನರ್ ಬಿಟಿಎಂ ಲೇಔಟಿನಲ್ಲಿ ಪ್ರಿಂಟ್ ಆಗುತ್ತಿದೆಯಂತೆ. ಬ್ಯಾನರ್ ಇಲ್ಲದೆ ಫೋಟೋ ಇಲ್ಲ, ಫೋಟೋ ಇಲ್ಲದೆ ಹೊರಡುವಂತಿಲ್ಲ. ಬಿಸಿಲಿಗೆ ಊಟ ಕೆಡುತ್ತದೆ ಅಂತ ಗೋಗರೆದೆ. ಐದೇ ನಿಮಿಷ ಆಂಟಿ ಅಂದರು. ಬಿಟಿಎಂ ಸಿಗ್ನಲ್ ದಾಟಿ ಐದು ನಿಮಿಷಕ್ಕೆ ಬರಲು ಬ್ಯಾನರಿಗೇನು ರೆಕ್ಕೆ ಇದೆಯೇ? ಸಾಯಂಕಾಲದ ಹೊತ್ತಿಗೆ ಬಂತು. 'ಅನ್ನ ಕೆಡಿಸಬೇಡಿ' ಅಂತ ದಪ್ಪಕ್ಷರ. ಅದರ ಮುಂದೆ ಪಾತ್ರೆಗಳ ಮುಚ್ಚಳ ತೆಗೆದರೆ ಅನ್ನ, ಪಲ್ಯ ಹಳಸಿದ್ದವು, ಹುಳಿ ತನ್ನ ಹೆಸರಿಗೆ ತಕ್ಕ ಹಾಗೆ ಆಗಿತ್ತು.

ಅವತ್ತು ಶೆಡ್ಡಿನವರಿಗೆ ಸಿಕ್ಕಿದ್ದು ಆ ಬ್ಯಾನರ್ ಒಂದೇ. ಸೂರಿಗೆ ಹೊದಿಸಿಕೊಂಡರು.

ಕಾಣಿಕೆ

ಜೆ.ಪಿ. ನಗರದ ಅವರ ಆಫೀಸಿಗೆ ನನ್ನನ್ನು ಭಾಷಣಕ್ಕೆ ಕರೆದರು. ಊಟ ದಂಡ ಮಾಡಬಾರದು ಅಂತ ಹೇಳಿದೆ, ಚಪ್ಪಾಳೆ ಹೊಡೆದರು. ಆಮೇಲೆ ಬಫೆ. ಅರ್ಧಕ್ಕರ್ಧ ಹಾಗೇ ಉಳಿಯಿತು. ಕೊಡಿ, ಹೋಗುವಾಗ ಶೆಡ್ಡಿಗೆ ಕೊಟ್ಟು ಹೋಗುತ್ತೇನೆ ಅಂದರೆ, ಹೊರಗಿನವರಿಗೆ ಕೊಡಲು ಪಾಲಿಸಿ ಒಪ್ಪುವುದಿಲ್ಲವಂತೆ. ನನ್ನ ಕಣ್ಣೆದುರೇ ಪಲಾವು, ಜಾಮೂನು ಕಸದ ಚೀಲಕ್ಕೆ ಬಿದ್ದವು. ಮೈಯೆಲ್ಲ ಉರಿದುಹೋಯಿತು. ಹೊರಡುವಾಗ ಶಾಲು ಹೊದಿಸಿ ನೆನಪಿನ ಕಾಣಿಕೆ ಕೊಟ್ಟರು. ಬಿಚ್ಚಿ ನೋಡಿದರೆ ಟಿಫನ್ ಡಬ್ಬಿ. ಖಾಲಿ.

ಊಟ ಆಯ್ತಾ

ಇದಕ್ಕೆಲ್ಲ ಕಳಶವಿಟ್ಟಂಥದ್ದು ಈಚೆಗೆ ನಡೆಯಿತು. ಕಂಪನಿಗೆ ಹೊಸ ಮ್ಯಾನೇಜರ್ ಬಂದ. ಉತ್ತರ ಭಾರತದ ಹುಡುಗ, ಪಾಪ, ಆಸೆಪಟ್ಟು ಕನ್ನಡ ಕಲಿಯುತ್ತಿದ್ದ. ಶೆಡ್ಡಿನಲ್ಲಿ ನಿಜಕ್ಕೂ ಹಸಿವಿದೆಯೇ ಅಂತ ತಾನೇ ನೋಡಲು ನನಗೂ ಹೇಳದೆ ಹೋದ. ಒಂದೊಂದು ಬಾಗಿಲಲ್ಲೂ ನಿಂತು, ಕೈ ಮುಗಿದು, "ಊಟ ಆಯ್ತಾ?" ಅಂತ ಕೇಳಿದ. ಉಂಡಿರಲಿ, ಉಪವಾಸವಿರಲಿ, ಆ ಪ್ರಶ್ನೆಗೆ ನಮ್ಮಲ್ಲಿ ಇನ್ನೊಂದು ಉತ್ತರವಿದೆಯೇ? ಎಲ್ಲರೂ ಆಯ್ತು ಅಂದರು. ರಾಯಚೂರು ಕಡೆಯ ಒಬ್ಬಾಕೆ, ಒಲೆ ಹಚ್ಚಲು ಏನೂ ಇಲ್ಲದೆ ಕೂತವಳು, "ಆತ್ರೀ, ನಿಮ್ದು ಆತೇನ್ರೀ?" ಅಂತ ವಿಚಾರಿಸಿಕೊಂಡಳಂತೆ.

ಮುಂದಿನ ಮದುವೆಗೆ ವ್ಯಾನ್ ಬರಲಿಲ್ಲ. ಫೋನ್ ಮಾಡಿದರೆ, ಅಲ್ಲಿ ಎಲ್ಲರದೂ ಊಟ ಆಗಿದೆ, ವ್ಯಾನನ್ನು ಗಿಡ ನೆಡಲು ಕಳಿಸಿದ್ದೇವೆ ಅಂದರು. ಛತ್ರದಲ್ಲಿ ಹಂಡೆ ತುಂಬ ಬಿಸಿಬೇಳೆಬಾತ್ ಕೂತಿದೆ. ಶೆಡ್ಡಿನಲ್ಲಿ ಮಕ್ಕಳು ವ್ಯಾನಿನ ಸದ್ದಿಗೆ ಕಾಯುತ್ತಿರುತ್ತವೆ. ನನಗೆ ತಡೆಯಲಾಗಲಿಲ್ಲ. ಆಟೋ ಹತ್ತಿ ಸೀದಾ ಅವನ ಆಫೀಸಿಗೆ ನುಗ್ಗಿದೆ. ಬೆಳಗಿನಿಂದ ಓಡಾಡಿ ಹೊಟ್ಟೆಗೇನೂ ಬಿದ್ದಿರಲಿಲ್ಲ, ಸಿಟ್ಟು ಇನ್ನೂ ಏರಿತ್ತು. ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ, ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಕಕ್ಕಿದೆ.

"ಆಯ್ತು ಅನ್ನೋದು ಮರ್ಯಾದೆ ಸಾರ್, ಊಟ ಅಲ್ಲ. ಹೊಟ್ಟೆ ತಾಳ ಹಾಕ್ತಿದ್ರೂ ಯಾರೂ ಇಲ್ಲ ಅನ್ನಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ಅಷ್ಟೂ ಜನ ಸುಮ್ಮಸುಮ್ಮನೆ ಹಾಗೆ ಹೇಳುತ್ತಾರೆಯೇ ಅಂತ ವಾದಿಸಿದ. ನಾನು ಏದುಸಿರು ಬಿಡುವುದನ್ನು ನೋಡಿ ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಆಮೇಲೆ ತುಂಬ ಅಕ್ಕರೆಯಿಂದ ಕೇಳಿದ:

"ಮೇಡಂ, ನಿಮ್ದು ಊಟ ಆಯ್ತಾ?"

"ಆಯ್ತು ಸಾರ್, ನಿಮ್ದು?" ಅಂದುಬಿಟ್ಟೆ.

ಅದೇ ಹೊತ್ತಿಗೆ ನನ್ನ ಹೊಟ್ಟೆ ಇಡೀ ಕೋಣೆಗೆ ಕೇಳುವ ಹಾಗೆ ಗೊರ್ರ್ ಅಂತು. ಅವನು ನನ್ನ ಮುಖ ನೋಡಿದ, ಹೊಟ್ಟೆ ನೋಡಿದ, ವ್ಯಾನ್ ಡ್ರೈವರ್‌ಗೆ ಫೋನ್ ಮಾಡಿದ.