ಗೊನೆ ತಡೆದ ಅಕ್ಷರಗಳು

ಬೋರ್ಡ್ ಬರೆಯುವ ಅಂಗಡಿಯಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯುತ್ತಲೇ ಇರುತ್ತದೆ. ಹೆಸರು ಗಿರಾಕಿಯದು, ಅಕ್ಷರ ನಮ್ಮದು; ಅಷ್ಟು ಸಾಕು.

ನಾನು ಹುಟ್ಟಿದ್ದು ಕುಂದಾಪುರದ ಕಡೆ. ಮದುವೆಯಾಗಿ ಕಲಬುರಗಿಗೆ ಬಂದಾಗಿನಿಂದ ಬರೆದದ್ದೆಲ್ಲ ದುಂಡಕ್ಷರ. ಈ ವಯಸ್ಸಿನಲ್ಲಿ ಒಂದು ಹುಚ್ಚು ಹಿಡಿಯಿತು. ಸ್ಕೇಲ್ ಇಟ್ಟು, ಒಂದೂ ಬಳುಕಿಲ್ಲದೆ, ದಪ್ಪ ದಪ್ಪ, ಬರೀ ಮೂಲೆಗಳ ಕನ್ನಡ ಅಕ್ಷರ ಬರೆದೆ. ಅಂಗಡಿ ನೋಡಿಕೊಳ್ಳುವ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿ ಫಾಂಟ್ ಮಾಡಿದಳು. ಜೊತೆಗೊಂದು ಶರತ್ತು: "ಮೂರು ಗಿರಾಕಿಗೆ ತೋರಸ್ತೀನಿ, ಅವ್ವ. ಒಬ್ಬರಿಗೂ ಸೇರಲಿಲ್ಲಂದ್ರ ಮತ್ತ ದುಂಡಕ್ಷರ. ತಕರಾರು ಮಾಡಂಗಿಲ್ಲ."

ಮದುವೆ ಪತ್ರಿಕೆ

ಮೊದಲು ಸಿಕ್ಕವರು ಮಗನ ಮದುವೆ ಪತ್ರಿಕೆ ಮಾಡಿಸಲು ಬಂದ ಮಹಾಗಾಂವದ ಹಿರಿಯರು. ನಮೂನೆ ಕೈಗೆ ಕೊಟ್ಟೆ. ಕನ್ನಡಕ ಏರಿಸಿದರು, ಇಳಿಸಿದರು, ಹಾಳೆಯನ್ನು ದೂರ ಹಿಡಿದರು.

"ಅಕ್ಕಾರ, ಇದು ಕರಿಯೋದೋ, ಧಮಕಿ ಕೊಡೋದೋ?"

"ಕರೆಯೋದೇ. ನೋಡಿ, 'ತಪ್ಪದೆ ಬರಬೇಕು' ಅಂತಿದೆ."

"ಅದಕ್ಕ ಕೇಳಿದೆರೀ. ಈ ಅಕ್ಷರದಾಗ ತಪ್ಪದೆ ಬರಬೇಕು ಅಂದ್ರ, ಬೀಗರು ವಕೀಲರನ್ನ ಕರ್ಕೊಂಡು ಬರ್ತಾರ!"

ಎದುರುಮನೆಯ ಬಾಗಿಲು

ಎರಡನೆಯವರು ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮಾಸ್ತರರು. ಗೇಟಿನ ಕಂಬಕ್ಕೆ ಮನೆಯ ಹೆಸರು ಈ ಅಕ್ಷರದಲ್ಲೇ ಬೇಕೆಂದರು. ಗೆದ್ದೆ ಅಂದುಕೊಂಡೆ. ಮೂರನೇ ದಿನ ಅವರದೇ ಫೋನು.

"ಎದುರುಮನಿಯವರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಯಾರ್ರೀ. ನಿಮ್ಮ ಅಕ್ಷರದ ಮೊನಿ ಸೀದಾ ಅವರ ಬಾಗಿಲಿಗೆ ಚುಚ್ಚಾಕತ್ತಾವಂತ. ವಾಸ್ತು ಕೆಡ್ತದಂತ."

"ಬೋರ್ಡ್ ತೆಗೆಸಿದಿರಾ?"

"ಛೇ ಛೇ! ಅವರಿಗೂ ಬ್ಯಾಸರ ಆಗಬಾರದು, ನಿಮಗೂ ಆಗಬಾರದು. ಒಳಮುಖ ತಿರುಗಿಸೀನ್ರೀ."

ಆ ಮನೆಯ ಹೆಸರು ಈಗ ಮನೆಯವರಿಗೆ ಮಾತ್ರ ಕಾಣುತ್ತದೆ. ಕೊರಿಯರ್‌ನವನು ಇನ್ನೂ ಹುಡುಕುತ್ತಿದ್ದಾನೆ. ಮಗಳು ಇದನ್ನು ಗೆಲುವೆಂದು ಒಪ್ಪಲಿಲ್ಲ.

ಕೆಂಪು ಬಾಳೆ

ಉಳಿದದ್ದು ಒಂದೇ ಅವಕಾಶ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವವರೊಬ್ಬರು ಅಂಗಡಿಯ ಹೆಸರನ್ನು ದಪ್ಪ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ, ಎದ್ದು ನಿಲ್ಲುವ ನನ್ನ ಮೂಲೆ ಅಕ್ಷರಗಳಲ್ಲಿ ಮಾಡಿಸಿಕೊಂಡು ಹೋದರು. ವಾರವಾದರೂ ದೂರು ಬರಲಿಲ್ಲ. ತಡೆಯಲಾರದೆ ಮಗಳನ್ನು ಎಳೆದುಕೊಂಡು ಬಸ್ ಹತ್ತಿದೆ.

ಅಂಗಡಿ ಸಿಕ್ಕಿತು, ಹೆಸರು ಮಾತ್ರ ಕಾಣಲಿಲ್ಲ. ಮೇಲೆಲ್ಲ ಗೊನೆಗಳು ಸಾಲಾಗಿ ತೂಗುತ್ತಿದ್ದವು.

"ಅಣ್ಣಾ, ನನ್ನ ಅಕ್ಷರ ಎಲ್ಲಿ?"

"ಗೊನಿ ಹಿಂದ ಅದಾವ್ರೀ ಅಮ್ಮ! ಭಾರಿ ಗಟ್ಟಿ ಅಕ್ಷರ. ದುಂಡಗಿದ್ರ ಹಗ್ಗ ಜಾರತಿತ್ತು. ಇವು ಮೂಲಿ ಮೂಲಿಗೆ ಹಿಡಿದು ನಿಂತಾವ."

ನನ್ನ ಮುಖ ಸಣ್ಣಗಾಯಿತು. ಮಗಳು ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕಳು.

"ಒಂದ ಕೊರತಿ ಅದರೀ," ಎಂದರು ಅವರು. "ಹೆಸರು ಸಣ್ಣದಾತು. ಇನ್ನ ನಾಕು ಅಕ್ಷರ ಮಾಡಿಕೊಡ್ರಿ."

"ಸೇರ್ಯಾವ ಬಿಡವ್ವ, ಗೆದ್ದಿ," ಎಂದು ಮಗಳು ಆರ್ಡರ್ ಪುಸ್ತಕ ತೆಗೆದಳು. "ಯಾವ ನಾಕು ಅಕ್ಷರ, ಅಣ್ಣಾ?"

ಅವರು ಕೆಳಗೆ ಉಳಿದಿದ್ದ ಗೊನೆಗಳನ್ನು ನೋಡಿದರು.

"ಯಾವಾದರೂ ನಡೀತಾವ ತಂಗಿ. ಒಂದೊಂದಕ್ಕ ಎರಡೆರಡು ಮೂಲಿ ಹೆಚ್ಚಿಗಿರಲಿ."